ಸರ್ಕಾರದ ಊಟದೆಲೆ

ಅತಿಥಿಗೆ ಏನನ್ನು ಬಡಿಸಿದೆವು ಎಂಬುದರಷ್ಟೇ, ಯಾವುದರಲ್ಲಿ ಬಡಿಸಿದೆವು ಎಂಬುದೂ ಮನೆಯ ನಡತೆಯನ್ನು ತಿಳಿಸುತ್ತದೆ. ರಾಜ್ಯವೆಂಬ ದೊಡ್ಡ ಮನೆಗೂ ಈ ಮಾತು ಸಲ್ಲುತ್ತದೆ. 2023ರ ಸೆಪ್ಟೆಂಬರ್ 9ರಂದು ದೆಹಲಿಯ ಭಾರತ ಮಂಟಪದಲ್ಲಿ ರಾಷ್ಟ್ರಪತಿಗಳು ಜಿ-20 ನಾಯಕರಿಗಿತ್ತ ಔತಣದಲ್ಲಿ ಸಿರಿಧಾನ್ಯದ ಭಕ್ಷ್ಯಗಳಿದ್ದುವು. ಅವನ್ನು ಬಡಿಸಲು ಬೆಳ್ಳಿಯ ಲೇಪದ ಪಾತ್ರೆಗಳು ಬಂದುವು. ಧಾನ್ಯ ಬಡವನ ಹೊಲದ್ದು, ತಟ್ಟೆ ಅರಸುಮನೆಯದು!

ಈ ಇಕ್ಕಟ್ಟು ನಮಗೊಬ್ಬರಿಗೇ ಬಂದುದಲ್ಲ. ಅಮೆರಿಕದ ಶ್ವೇತಭವನಕ್ಕೆ ಸ್ವದೇಶದಲ್ಲಿಯೇ ತಯಾರಾದ ರಾಜ್ಯಭೋಜನದ ಪಿಂಗಾಣಿ ಮೊದಲು ಬಂದುದು 1918ರಲ್ಲಿ, ಅಧ್ಯಕ್ಷ ವಿಲ್ಸನ್ನರ ಕಾಲಕ್ಕೆ. 1982ರಲ್ಲಿ ರೇಗನ್ನರ ಕಾಲದ ಪಿಂಗಾಣಿಗೆ ಎರಡು ಲಕ್ಷ ಡಾಲರಿಗೂ ಮೀರಿ ವೆಚ್ಚವಾಯಿತು. ಹಣ ಖಾಸಗಿ ದತ್ತಿಯದಾದರೂ ಜನರ ಟೀಕೆ ತಪ್ಪಲಿಲ್ಲ. ರಾಜ್ಯದ ತಟ್ಟೆಯ ಲೆಕ್ಕವನ್ನು ಪ್ರಜೆ ಕೇಳಿಯೇ ಕೇಳುತ್ತಾನೆ.

ನಮ್ಮ ದಾವಣಗೆರೆ ಜಿಲ್ಲೆಯಿಂದ ನೋಡಿದರೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಪ್ಲಾಸ್ಟಿಕ್ ತಟ್ಟೆಲೋಟಗಳನ್ನು ಕರ್ನಾಟಕ 2016ರಲ್ಲಿಯೂ ಕೇಂದ್ರ ಸರ್ಕಾರ 2022ರ ಜುಲೈ 1ರಿಂದಲೂ ನಿಷೇಧಿಸಿದುವು. ತೆರವಾದ ಆ ಸ್ಥಾನಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ತೋಟಗಳಲ್ಲಿ ತಾನಾಗಿ ಉದುರುವ ಅಡಕೆಯ ಹಾಳೆ ಸಹಜವಾದ ಅಭ್ಯರ್ಥಿ. ಹಾಳೆಯನ್ನು ನೆನೆಸಿ, ತೊಳೆದು, ಕಾದ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ; ಅಂಟೂ ಬೇಡ, ಬಣ್ಣವೂ ಬೇಡ. ಸರ್ಕಾರಿ ಸಮಾರಂಭಗಳಿಗೆ ಇದನ್ನೇ ಗೊತ್ತುಮಾಡಬಾರದೇಕೆ ಎಂದು ಯಾರಿಗಾದರೂ ತೋರೀತು.

ಆದರೆ ಅಭಿಮಾನವೊಂದೇ ಸಾಲದು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಹಾಳೆಯಲ್ಲಿರುವ ಅಡಕೆಯ ಕ್ಷಾರಪದಾರ್ಥಗಳು ಊಟಕ್ಕೆ ಇಳಿಯಬಹುದೆಂಬ ಕಾರಣದಿಂದ ಈ ತಟ್ಟೆಗಳು ಆಹಾರಕ್ಕೆ ಒಪ್ಪಿತವಲ್ಲವೆಂದು ಸಾರಿತು. ಇದನ್ನು ಪರದೇಶದವರ ಅಸೂಯೆಯೆಂದು ತಳ್ಳಿಹಾಕುವುದು ಸುಲಭ. ಹೆದರಿ ತಟ್ಟೆಯನ್ನೇ ಬಿಸಾಡುವುದೂ ಅಷ್ಟೇ ಸುಲಭ. ಎರಡರಿಂದಲೂ ಹಾಳೆ ಆಯುವ ಕೈಗಳಿಗೆ ನ್ಯಾಯ ದೊರೆಯದು. ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. ಬಿಸಿ ಸಾರು, ಹುಳಿ, ಎಣ್ಣೆಗಳನ್ನು ಬಡಿಸಿದಾಗ ತಟ್ಟೆಯಿಂದ ಏನು, ಎಷ್ಟು ಇಳಿಯುತ್ತದೆಂಬುದನ್ನು ಅಲ್ಲಿ ಅಳೆಯಿಸಿ, ಫಲಿತಾಂಶವನ್ನು ಕನ್ನಡದಲ್ಲಿಯೇ ಪ್ರಕಟಿಸುವುದು ಸರ್ಕಾರದ ಮೊದಲ ಕರ್ತವ್ಯ.

ಎರಡನೆಯದು ಆಯ್ಕೆಯ ಕ್ರಮ. ಸರ್ಕಾರದ ಖರೀದಿಗೆ 1999ರ ಪಾರದರ್ಶಕತೆಯ ಅಧಿನಿಯಮವಿದೆ. ಆದರೆ ಟೆಂಡರಿನಲ್ಲಿ ಕಡಿಮೆ ಬೆಲೆಯೊಂದೇ ಗೆದ್ದರೆ ಹಳ್ಳಿಯ ಸಣ್ಣ ಘಟಕ ಸೋಲುತ್ತದೆ. ಆರೋಗ್ಯ, ಬೆಲೆ, ದುಡಿದವರ ಕೂಲಿ, ಬಳಸಿದ ಮೇಲಿನ ಗತಿ ಈ ನಾಲ್ಕನ್ನೂ ತೂಗಬೇಕು. ಅಡಕೆಯ ಸಿರಿ ಅಷ್ಟಾಗಿ ಕಾಣದ, ಮಳೆ ಕಡಿಮೆಯಾದ ಜಗಳೂರಿನಂಥ ಸೀಮೆಯನ್ನೂ ಮರೆಯಬಾರದು. ಬಯಲುನಾಡಿನ ಮುತ್ತುಗದ ಎಲೆಗೂ, ತೊಳೆದು ಮತ್ತೆ ಮತ್ತೆ ಬಳಸುವ ಸ್ಟೀಲಿನ ತಟ್ಟೆಗೂ ಅದೇ ಪರೀಕ್ಷೆಯಲ್ಲಿ ಸ್ಥಾನವಿರಲಿ.

ಅಂಚಿನಲ್ಲಿ ಗಂಡಭೇರುಂಡವನ್ನು ಮುದ್ರಿಸಿದ ಮಾತ್ರಕ್ಕೆ ತಟ್ಟೆ ರಾಜ್ಯದ್ದಾಗುವುದಿಲ್ಲ. ಮಂತ್ರಿಗಳ ಮುಂದೆ ಇಡುವ ಎಲೆಯನ್ನೇ ಅಂಗನವಾಡಿಯ ಮಗುವಿನ ಮುಂದೆಯೂ ನಿಶ್ಶಂಕೆಯಿಂದ ಇಡಬಹುದಾದರೆ, ಆಗ ಅದು ರಾಜ್ಯದ ಊಟದೆಲೆ.