ಮೆರವಣಿಗೆ ಮುಗಿದ ಮೇಲೆ ಯೋಧನ ಪಾಡೇನು?

ಸಾಗರದ ಜಂಬಗಾರು ನಿಲ್ದಾಣಕ್ಕೋ ಶಿವಮೊಗ್ಗಕ್ಕೋ ರೈಲು ಬಂದು ನಿಲ್ಲುತ್ತದೆ. ಸೇನೆಯಿಂದ ನಿವೃತ್ತನಾಗಿ ಬಂದವನ ಕೊರಳಿಗೆ ಊರಿನವರು ಹಾರ ಹಾಕುತ್ತಾರೆ, ಮನೆಯವರು ಆರತಿ ಎತ್ತುತ್ತಾರೆ, ತೆರೆದ ಜೀಪಿನಲ್ಲಿ ಮೆರವಣಿಗೆ ಹೊರಡುತ್ತದೆ. ಹಿಂದಿನ ಪಿಕಪ್‌ನಲ್ಲಿ ಒಂದು ಕಪ್ಪು ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು, ರೆಜಿಮೆಂಟು. ಊರೂರು ತಿರುಗಿ ಮೂಲೆಗಳೆಲ್ಲ ನೆಗ್ಗಿವೆ.

ಈ ಗೌರವ ಆತನಿಗೆ ಸಲ್ಲಲೇಬೇಕು. ಆದರೆ ಹೊಸನಗರ, ತೀರ್ಥಹಳ್ಳಿ, ಸಾಗರದ ಹಳ್ಳಿಗಳಲ್ಲಿ ನಿಜವಾದ ಪ್ರಶ್ನೆ ಏಳುವುದು ಮರುದಿನ ಬೆಳಿಗ್ಗೆ.

ರಾಜ್ಯ ಸರ್ಕಾರಿ ನೌಕರ 60ಕ್ಕೆ ನಿವೃತ್ತನಾಗುತ್ತಾನೆ. ಹದಿನೆಂಟು–ಹತ್ತೊಂಬತ್ತಕ್ಕೆ ಸೇನೆ ಸೇರಿದ ಸಿಪಾಯಿಗೆ 15 ವರ್ಷದ ಸೇವೆ ತುಂಬಿದರೆ ಪಿಂಚಣಿಯ ಅರ್ಹತೆ ಬರುತ್ತದೆ. ಬಹುತೇಕರು ನಲವತ್ತರ ಆಸುಪಾಸಿನಲ್ಲಿ ಮನೆಗೆ ಬಂದಿರುತ್ತಾರೆ. ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿ, ಅಪ್ಪ–ಅಮ್ಮ ಹಾಸಿಗೆ ಹಿಡಿಯುವ ವಯಸ್ಸಿನಲ್ಲಿ. ಹಾಗಾಗಿ ಇದನ್ನು ನಿವೃತ್ತಿ ಎನ್ನುವುದೇ ತಪ್ಪು. ಇನ್ನೂ ಇಪ್ಪತ್ತು ವರ್ಷ ದುಡಿಯಬೇಕಾದವನ ಕೈಯಿಂದ ಕೆಲಸ ಕಳಚಿಕೊಂಡಿದೆ, ಅಷ್ಟೆ.

‘ಸಮಾನ ಶ್ರೇಣಿ, ಸಮಾನ ಪಿಂಚಣಿ’ಗಾಗಿ ಮಾಜಿ ಸೈನಿಕರು 2015ರಲ್ಲಿ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಆ ವರ್ಷದ ನವೆಂಬರ್‌ನಲ್ಲಿ ಆದೇಶ ಬಂತು, 2014ರ ಜುಲೈ 1ರಿಂದ ಅನ್ವಯವಾಯಿತು. ಆ ಹೋರಾಟದ ಫಲ ಮಲೆನಾಡಿನ ಮನೆಗಳಿಗೂ ತಲುಪಿದೆ. ಒಲೆ ಉರಿಯಲು ಪಿಂಚಣಿ ಸಾಕಾದೀತು. ಗಟ್ಟಿಮುಟ್ಟಾದ ಆಳಿಗೆ ಅದೇ ಬದುಕಾಗದು.

ಊರಿಗೆ ಬಂದವನು ಮೊದಲು ನೋಡುವುದು ಜಮೀನಿನ ಕಡೆ. ಕರ್ನಾಟಕ ಭೂ ಮಂಜೂರಾತಿ ನಿಯಮಗಳು–1969ರ ಪ್ರಕಾರ, ಮಂಜೂರಿಗೆ ಲಭ್ಯವಿರುವ ಸರ್ಕಾರಿ ಜಮೀನಿನಲ್ಲಿ ಶೇ 10ರಷ್ಟು ಸೈನಿಕರಿಗೆ ಮತ್ತು ಮಾಜಿ ಸೈನಿಕರಿಗೆ ಮೀಸಲು. ಆದರೆ ‘ಲಭ್ಯವಿರುವ’ ಜಮೀನು ಈ ಮೂರು ತಾಲ್ಲೂಕುಗಳಲ್ಲಿ ಎಲ್ಲಿದೆ? ಒಂದು ಕಡೆ ಅಭಯಾರಣ್ಯ, ಇನ್ನೊಂದು ಕಡೆ ಪರಿಭಾವಿತ ಅರಣ್ಯ, ಮತ್ತೊಂದು ಕಡೆ ಸೊಪ್ಪಿನಬೆಟ್ಟ. ಉಳಿದ ತುಂಡಿಗೆ ಬಗರ್‌ಹುಕುಂನ ಫಾರಂ 50, 53, 57ರ ಅರ್ಜಿಗಳ ಸಾಲು. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿಯಿತು; ಶರಾವತಿಗೆ ಮನೆ–ಗದ್ದೆ ಬಿಟ್ಟುಕೊಟ್ಟ ಎಷ್ಟೋ ಕುಟುಂಬಗಳು ಆರು ದಶಕ ಕಳೆದರೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಮುಳುಗಡೆಯವರನ್ನು ಹಿಂದಕ್ಕೆ ಸರಿಸಿ ತನಗೆ ಭೂಮಿ ಕೊಡಿ ಎಂದು ಯಾವ ಮಾಜಿ ಸೈನಿಕನೂ ಕೇಳಲಾರ. ಕೊಡಲು ಭೂಮಿ ಇದ್ದರೆ ಸರ್ವೆ ನಂಬರು ತೋರಿಸಲಿ, ಇಲ್ಲದಿದ್ದರೆ ಇಲ್ಲವೆಂದು ಬರೆದುಕೊಡಲಿ. ಎರಡೂ ಮಾಡದೆ ವರ್ಷಗಟ್ಟಲೆ ‘ಪರಿಶೀಲನೆಯಲ್ಲಿದೆ’ ಎಂದು ಹೇಳುತ್ತಿರುವುದು ಅನ್ಯಾಯ. ಒಂದು ಕಾಲಕ್ಕೆ ಸಮವಸ್ತ್ರ ಮಡಚಿಟ್ಟ ಟ್ರಂಕಿನಲ್ಲಿ ಈಗ ಅರ್ಜಿಯ ಜೆರಾಕ್ಸ್ ಪ್ರತಿಗಳು ತುಂಬುತ್ತವೆ.

ದೂರದ ಕಷ್ಟ ಬೇರೆ. ಮೂರೂ ತಾಲ್ಲೂಕು ಕೇಂದ್ರಗಳಿಂದ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇರುವ ಶಿವಮೊಗ್ಗಕ್ಕೆ ಸುಮಾರು 60ರಿಂದ 70 ಕಿ.ಮೀ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದ ಯೋಧ ರಜೆಗೆ ಬಂದರೂ ಲಾಂಚಿಗೆ ಕಾಯಬೇಕಿತ್ತು. ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಪಿಂಚಣಿ ವ್ಯವಹಾರ ಈಗ ‘ಸ್ಪರ್ಶ್’ ಪೋರ್ಟಲ್‌ಗೆ ಹೋಗಿದೆ, ಜೀವನ ಪ್ರಮಾಣಪತ್ರವೂ ಆನ್‌ಲೈನ್. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವ ಊರಿನಲ್ಲಿ ಎಪ್ಪತ್ತೈದು ದಾಟಿದ ಹವಾಲ್ದಾರರಾಗಲಿ, ಯೋಧನನ್ನು ಕಳೆದುಕೊಂಡ ಅಜ್ಜಿಯಾಗಲಿ ಇದನ್ನೆಲ್ಲ ಯಾರ ಕೈಯಲ್ಲಿ ಮಾಡಿಸಬೇಕು?

ದಾರಿ ಇಲ್ಲವೆಂದಲ್ಲ. ನಿವೃತ್ತಿಗೆ ಮೊದಲು ಯೋಧರಿಗೆ 24 ವಾರಗಳವರೆಗೆ ಪುನರ್ವಸತಿ ತರಬೇತಿ ಪಡೆಯುವ ಅವಕಾಶವಿದೆ. ಅತ್ತ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಈ ಎರಡನ್ನೂ ಜೋಡಿಸಬಾರದೇಕೆ? ಇಪ್ಪತ್ತು ವರ್ಷ ಊರು ಬಿಟ್ಟಿದ್ದವನಿಗೆ ತನ್ನದೇ ತೋಟ ಹೊಸದು. ಎಲೆಚುಕ್ಕಿ ರೋಗಕ್ಕೆ ಅಡಿಕೆ ಮರದ ಸೋಗೆ ಒಣಗುತ್ತಿರುವಾಗ ಔಷಧಿ ಯಾವುದು, ಹೊಡೆಯುವುದು ಯಾವಾಗ, ಬಸಿಗಾಲುವೆ ಹೇಗಿರಬೇಕು, ಕಾಳುಮೆಣಸು ಹಬ್ಬಿಸುವುದು ಹೇಗೆ ಎಂಬುದನ್ನು ಆತ ಕಲಿಯಬೇಕು. ಶಿಸ್ತು, ಯಂತ್ರಗಳ ಪರಿಚಯ, ಮಳೆ–ಚಳಿಗೆ ಜಗ್ಗದ ದೇಹ ಆತನಲ್ಲಿ ಈಗಾಗಲೇ ಇವೆ. ಬೆಂಗಳೂರಿನ ಎಟಿಎಂ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಅವೆಲ್ಲ ವ್ಯರ್ಥ.

ಜನರಲ್ ಕೆ.ಎಂ. ಕಾರ್ಯಪ್ಪ ನಿವೃತ್ತರಾದದ್ದು 1953ರ ಜನವರಿಯಲ್ಲಿ. ಆಮೇಲಿನ ದಶಕಗಳಲ್ಲಿ ಅವರು ಮಾಜಿ ಸೈನಿಕರ ಪರವಾಗಿ ದುಡಿದರು. 1964ರಲ್ಲಿ ಅವರ ಮುಂದಾಳತ್ವದಲ್ಲೇ ಮಾಜಿ ಸೈನಿಕರ ರಾಷ್ಟ್ರೀಯ ಸಂಘಟನೆ ಹುಟ್ಟಿತು. ಅವರು ಎತ್ತಿಕೊಂಡ ಕೆಲಸ ಇವತ್ತಿಗೂ ಮುಗಿದಿಲ್ಲ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ಸೇನೆಯಲ್ಲಿ ಮುಂದುವರಿಯುವವರು ಗರಿಷ್ಠ ಶೇ 25, ಉಳಿದವರಿಗೆ ಪಿಂಚಣಿ ಇಲ್ಲ. ಇನ್ನು ಮುಂದೆ ಜಂಬಗಾರಿನಲ್ಲಿ ಇಳಿಯುವ ಮಾಜಿ ಯೋಧನಿಗೆ ಇಪ್ಪತ್ತೈದೂ ತುಂಬಿರಲಿಕ್ಕಿಲ್ಲ.

ಆ ತರುಣರು ಬರುವ ಮೊದಲು ಮೂರೂ ತಾಲ್ಲೂಕುಗಳ ಆಡಳಿತ ಎರಡು ಕೆಲಸ ಮಾಡಲಿ. ತಿಂಗಳಿಗೊಂದು ದಿನ ಸೈನಿಕ ಕಲ್ಯಾಣ ಇಲಾಖೆಯ ಸಿಬ್ಬಂದಿಯನ್ನು ತಾಲ್ಲೂಕು ಕಚೇರಿಗೇ ಕರೆಸಿ ಕೂರಿಸಲಿ. ಬಾಕಿ ಇರುವ ಜಮೀನು ಅರ್ಜಿಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದು ಲಿಖಿತ ಉತ್ತರ ಕೊಡಲಿ.