ಬಚ್ಚಲ ಮೋರಿ ಕಟ್ಟಿಕೊಂಡಾಗ

ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯವು ಊಟದ ಹೊತ್ತಿನಲ್ಲಿ ಓದತಕ್ಕದ್ದಲ್ಲ. ಆದರೆ ಗೃಹಸ್ಥನಾದವನು ಓದದೆ ಬಿಡತಕ್ಕದ್ದೂ ಅಲ್ಲ. ದೇವರ ಮನೆಯ ಶುದ್ಧಿಯನ್ನೂ ಅಡಿಗೆಯ ಮನೆಯ ಶುದ್ಧಿಯನ್ನೂ ಕುರಿತು ಬಲ್ಲವರು ಬೇಕಾದಷ್ಟು ಬರೆದಿರುವರು. ಬಚ್ಚಲ ಮೋರಿಯನ್ನು ಕುರಿತು ಬರೆಯುವವರು ವಿರಳ. ಆ ಎರಡು ಮನೆಗಳಿಗೂ ನಾವು ಬಚ್ಚಲನ್ನು ಹಾದೇ ಹೋಗುವೆವೆಂಬುದನ್ನು ವಾಚಕರು ಮರೆಯಬಾರದು.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡುಬಿಡುವೆವು. ಕಳೆದ ನರಕಚತುರ್ದಶಿಯ ಬೆಳಗ್ಗೆ ನಮ್ಮ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳು ಸೇರಿ ಒಂಬತ್ತು ಮಂದಿಯ ಅಭ್ಯಂಜನವಾಯಿತು. ಎಣ್ಣೆ, ಸೀಗೇಪುಡಿ, ಕಡಲೆಹಿಟ್ಟು, ಸಾಬೂನು, ಉದುರಿದ ಕೂದಲು, ಎಲ್ಲವೂ ಒಂದೇ ತೂಬಿನ ಪಾಲಾದುವು. ಏಳನೆಯವರು ಸ್ನಾನಕ್ಕೆ ನಿಂತಾಗ ನೀರು ಪಾದವನ್ನು ಮುಚ್ಚಿತು. ಕಡೆಯವರಾದ ನಮ್ಮ ಸರದಿ ಬರುವಾಗ ಹರಡು ಮುಳುಗಿತ್ತು. ನಾವು ಮನೆಯಲ್ಲಿದ್ದ ಆಸಿಡ್ಡನ್ನು ಸುರಿದೆವು. ಅರ್ಧ ಗಂಟೆ ಕಳೆದರೂ ಗುಣ ಕಾಣದಿರಲು, ನೀರಿನ ತೊಟ್ಟಿಗೆಂದು ತಂದಿರಿಸಿದ್ದ ಬ್ಲೀಚಿಂಗ್ ಪುಡಿಯನ್ನು ಅದರ ಮೇಲೆ ಚೆಲ್ಲಿದೆವು. ಕೂಡಲೇ ಘಾಟು ಎದ್ದಿತು. ನಾವು ಬಾಗಿಲ ಬಳಿ ಇದ್ದುದರಿಂದ ಹೊರಕ್ಕೆ ಬಂದೆವು. ಏನಾಯಿತೆಂದು ನೋಡಲು ಒಳಕ್ಕೆ ಬಗ್ಗಿದ ನಮ್ಮ ಮನೆಯಾಕೆಗೆ ಉಸಿರು ಕಟ್ಟಿತು. ಹಬ್ಬದ ದಿನ ವೈದ್ಯರ ಬಾಗಿಲು ಬಡಿಯಬೇಕಾಯಿತು. ಎರಡು ರಾತ್ರಿಗಳನ್ನು ಆಕೆ ದಿಂಬಿಗೆ ಒರಗಿ ಕುಳಿತೇ ಕಳೆದಳು.

ಸಂಜೆ ನಮಸ್ಕಾರಕ್ಕೆಂದು ಹಳೆಯ ಶಿಷ್ಯನೊಬ್ಬ ಬಂದನು. ಈಗ ಅವನು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುವನು. ಸಂಗತಿಯನ್ನು ಕೇಳಿ, “ಮೇಷ್ಟ್ರೇ, ತಾವು ಬಚ್ಚಲಿನಲ್ಲಿ ಕ್ಲೋರಿನ್ ಅನಿಲವನ್ನು ತಯಾರಿಸಿದಿರಿ. 1915ರಲ್ಲಿ ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೈನ್ಯವು ಶತ್ರುಗಳ ಮೇಲೆ ಬಿಟ್ಟದ್ದು ಇದನ್ನೇ” ಎಂದನು. ಮೂವತ್ತು ವರ್ಷಗಳ ಕಾಲ ಇತರರ ತಪ್ಪನ್ನು ತಿದ್ದಿದ ನಾವು ಆ ದಿನ ತಲೆ ತಗ್ಗಿಸಿ ಕುಳಿತೆವು.

ಅವನ ಎರಡನೆಯ ಮಾತು ಇನ್ನೂ ಆಳವಾಗಿ ನಾಟಿತು. “ರೋಗವೇನೆಂದು ನೋಡದೆ ಔಷಧ ಕೊಟ್ಟಿರಲ್ಲ, ಸಾರ್!” ಎಂದನು. ಆಸಿಡ್ಡು ಸುಣ್ಣದ ಕಲೆಯನ್ನು ಕರಗಿಸುವುದೇ ಹೊರತು ಕೂದಲನ್ನು ಕರಗಿಸಲಾರದು. ಬಚ್ಚಲ ಮೋರಿ ಕಟ್ಟಿಕೊಳ್ಳಲು ಮೂಲಕಾರಣವೋ ಬಹುಮಟ್ಟಿಗೆ ಕೂದಲೇ. ಅದು ಮೊದಲು ಬಲೆಯಂತೆ ಹೆಣೆದುಕೊಳ್ಳುವುದು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಸಾಬೂನಿನೊಡನೆ ಕೂಡಿ, ನೀರಿನಲ್ಲಿ ಕರಗದ ಬಿಳಿಯ ಗಸಿಯಾಗಿ ಆ ಬಲೆಗೆ ಅಂಟುವುವು. ಎಣ್ಣೆಯೂ ಹಿಟ್ಟೂ ಬಂದು ಸೇರಿದರೆ ಗೋಡೆ ಕಟ್ಟಿದಂತೆಯೇ ಸರಿ. ಕಾಸ್ಟಿಕ್ ಸೋಡವು ಕೂದಲನ್ನು ಕರಗಿಸಬಲ್ಲುದು, ನಿಜ. ಆದರೆ ಅದು ನೀರು ತಾಕಿದೊಡನೆ ಕಾಯುವುದು, ಸಿಡಿದರೆ ಚರ್ಮವನ್ನೂ ಕಣ್ಣನ್ನೂ ಸುಡುವುದು. ಮಕ್ಕಳಿರುವ ಮನೆಗೆ ಅದು ಹೇಳಿದ್ದಲ್ಲ. ಅಡಿಗೆ ಸೋಡ ಮತ್ತು ವಿನಿಗರ್ ಬೆರೆಸಿದಾಗ ಏಳುವ ನೊರೆಯು ನೋಡಲು ಚೆನ್ನ. ಕೂದಲಿನ ಗಂಟನ್ನು ಬಿಡಿಸುವ ಶಕ್ತಿ ಅದಕ್ಕಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಕೈಯಿಂದ ತೆಗೆಯುವುದೇ ಮೊದಲನೆಯ ಮಾರ್ಗ. ಎರಡು ದಿನ ಕಿಟಕಿ ಬಾಗಿಲುಗಳನ್ನು ತೆರೆದಿಟ್ಟು, ಘಾಟೆಲ್ಲ ಹೋಗಿ, ನಿಂತ ನೀರು ಮೆಲ್ಲನೆ ಇಳಿದ ಮೇಲೆ, ಶಿಷ್ಯನು ಜೊತೆಯಲ್ಲಿ ನಿಂತು ನಮ್ಮಿಂದಲೇ ಆ ಕೆಲಸವನ್ನು ಮಾಡಿಸಿದನು. ಅದರ ಕ್ರಮವನ್ನು ಹೇಳುವೆವು.

ರಬ್ಬರಿನ ಕೈಗವಸನ್ನು ಹಾಕಿಕೊಂಡು, ತೂಬಿನ ಮೇಲಿನ ಜಾಲರಿಯನ್ನು ತಿರುಪುಳಿಯಿಂದ ಮೀಟಿ ತೆಗೆಯಬೇಕು. ಅದರ ಕೆಳಗೆ ಇರುವುದು ಪ್ಲಂಬರುಗಳು ನಹಾನಿ ಟ್ರ್ಯಾಪ್ ಎಂದು ಕರೆಯುವ ಬಾವಿಯಂಥ ಭಾಗ. ಅದರಲ್ಲಿ ಸದಾ ನಾಲ್ಕು ಬೆರಳಗಲದೊಳಗಿನ ನೀರು ನಿಂತಿರುವುದು. ಚರಂಡಿಯ ದುರ್ಗಂಧವೂ ಜಿರಲೆಗಳೂ ಮನೆಯೊಳಕ್ಕೆ ಬಾರದಂತೆ ತಡೆಯುವುದು ಆ ನೀರೇ. 1775ರಲ್ಲಿ ಅಲೆಗ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಿಯು ಬಾಗಿದ ಕೊಳವೆಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದುದೂ ಇದೇ ತತ್ತ್ವದಿಂದ. ಕೆಲವು ಮನೆಗಳಲ್ಲಿ ಈ ಬಾವಿಯೊಳಗೆ ಬಟ್ಟಲೊಂದಿರುವುದು. ಅದನ್ನು ಎತ್ತಿ ತೊಳೆದು, ಕೆಲಸ ಮುಗಿದ ಮೇಲೆ ತಪ್ಪದೆ ಸ್ವಸ್ಥಾನದಲ್ಲಿ ಇರಿಸತಕ್ಕದ್ದು. ಮರೆತರೆ ಮನೆಯೆಲ್ಲ ನಾರುವುದು.

ಆಮೇಲೆ ಗಟ್ಟಿ ತಂತಿಯೊಂದರ ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ, ಒಳಗೆ ಬಿಟ್ಟು, ತಿರುವಿ, ಮೇಲಕ್ಕೆ ಎಳೆಯಬೇಕು. ಕೋಲಿನಿಂದ ಮುಂದಕ್ಕೆ ತಳ್ಳಕೂಡದು. ತಳ್ಳಿದ ಗಂಟು ಕೈಗೆಟುಕದ ಕಡೆ ಹೋಗಿ ಕೂರುವುದು. ಇಷ್ಟಕ್ಕೂ ಬಿಡದಿದ್ದರೆ, ರಬ್ಬರಿನ ಬಟ್ಟಲುಳ್ಳ ಪ್ಲಂಜರನ್ನು ತೂಬಿನ ಮೇಲೆ ಕೂರಿಸಿ, ಬಟ್ಟಲು ಮುಳುಗುವಷ್ಟು ನೀರು ನಿಲ್ಲಿಸಿ, ಹದಿನೈದು ಇಪ್ಪತ್ತು ಸಲ ಒತ್ತಿ ಎಳೆಯಬೇಕು. ಪಕ್ಕದ ಕೈತೊಳೆಯುವ ಬೇಸಿನ್ನು ಅದೇ ಕೊಳವೆಗೆ ಸೇರಿದ್ದರೆ, ಅದರ ಬಾಯಿಗೆ ಒದ್ದೆ ಬಟ್ಟೆಯನ್ನು ತುರುಕಿರಬೇಕು; ಇಲ್ಲವಾದರೆ ಒತ್ತಡವು ಅಲ್ಲಿಂದ ಸೋರಿಹೋಗುವುದು. ಆಸಿಡ್ಡು ನಿಂತಿರುವಾಗ ಪ್ಲಂಜರನ್ನು ಮುಟ್ಟಲೇಕೂಡದು. ಕಡೆಗೆ ಸ್ನಾನಕ್ಕೆ ಹದವಾದ ಬಿಸಿನೀರನ್ನು ಸುರಿದು ಜಿಡ್ಡನ್ನು ಕಳೆಯಬಹುದು. ಕುದಿಯುವ ನೀರು ಬೇಡ, ಪಿ.ವಿ.ಸಿ. ಕೊಳವೆಯು ಸುಮಾರು 80 ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ಮೆತ್ತಗಾಗುವುದು.

ನಮ್ಮ ಕೊಕ್ಕೆಗೆ ಬಂದುದು ಇಲಿಯಷ್ಟು ದಪ್ಪದ ಒಂದು ಗಂಟು. ಅದನ್ನು ಹಳೆಯ ಪತ್ರಿಕೆಯ ಮೇಲೆ ಹಾಕಿ ನೋಡಿದೆವು. ನಮ್ಮ ನರೆಗೂದಲಿತ್ತು, ಮನೆಯಾಕೆಯದಿತ್ತು, ಸೊಸೆಯ ಉದ್ದ ಕೂದಲಿತ್ತು, ಮೊಮ್ಮಗಳ ಜಡೆಯ ದಾರವೂ ಇತ್ತು. ಅನ್ಯರದೆಂದು ಹೇಳಲು ಒಂದು ಎಳೆಯೂ ಇರಲಿಲ್ಲ.

ಆಗ ನಮಗೆ ಹಿಂದಿನ ಒಂದು ಸಂಗತಿ ನೆನಪಾಯಿತು. ಎಷ್ಟೋ ವರ್ಷಗಳ ಕಾಲ ಈ ಕೆಲಸಕ್ಕೆ ಬೀದಿಯಲ್ಲಿ ಹೋಗುವ ಕೂಲಿಯವನನ್ನು ಕರೆಯುತ್ತಿದ್ದೆವು. ಅವನು ಬರಿಗೈಯನ್ನು ಮೋರಿಯೊಳಗೆ ಇಳಿಸುತ್ತಿದ್ದನು; ನಾವು ಮೂಗಿಗೆ ಪಂಚೆಯ ಸೆರಗನ್ನು ಒತ್ತಿ ದೂರ ನಿಂತಿರುತ್ತಿದ್ದೆವು. ಕೆಲಸ ಮುಗಿದ ಮೇಲೆ ಅವನ ಕೈಗೆ ನೀರನ್ನು ಎತ್ತರದಿಂದ ಹೊಯ್ಯುತ್ತಿದ್ದೆವು. ಕೊಳೆ ನಮ್ಮದು, ಅಶುಚಿ ಮಾತ್ರ ಅವನದೆಂಬಂತೆ ನಡೆದುಕೊಂಡೆವು. ಶೌಚವೆಂಬ ಶಬ್ದವನ್ನು ತರಗತಿಯಲ್ಲಿ ನೂರು ಸಲ ವ್ಯಾಖ್ಯಾನ ಮಾಡಿದವರು ನಾವು! ಅದರ ಅರ್ಥ ತಿಳಿದದ್ದು ಈ ಗಂಟನ್ನು ಕೈಯಲ್ಲಿ ಹಿಡಿದಾಗ.

ಮನೆಯ ಎಲ್ಲ ತೂಬುಗಳೂ ಒಟ್ಟಿಗೆ ನಿಧಾನವಾದರೆ ತಡೆಯು ಹೊರಗಿನ ಕೊಳವೆಯಲ್ಲಿದೆಯೆಂದು ತಿಳಿಯಬೇಕು. ಆಗ ಉಪಕರಣವುಳ್ಳ ಕುಶಲಿಯನ್ನು ಕರೆಯತಕ್ಕದ್ದೇ. ಮೊದಲೇ ಏನನ್ನಾದರೂ ಸುರಿದಿದ್ದರೆ ಅವನಿಗೆ ಮುಚ್ಚಿಡದೆ ಹೇಳಬೇಕು. ನಮ್ಮ ಮೌನವು ಅವನ ಕಣ್ಣನ್ನೇ ಕಳೆದೀತು. ಮನುಷ್ಯನನ್ನು ರಕ್ಷಣಾಸಾಧನಗಳಿಲ್ಲದೆ ಒಳಚರಂಡಿಗಾಗಲಿ ಮಲಕುಂಡಕ್ಕಾಗಲಿ ಇಳಿಸಿ ಶುದ್ಧಿ ಮಾಡಿಸುವುದು 2013ರ ಕೇಂದ್ರ ಕಾಯಿದೆಯಂತೆ ಅಪರಾಧ. ಕಾಯಿದೆ ಇಲ್ಲದಿದ್ದರೂ ಅದು ಪಾಪವೇ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಬೀದಿಗೆ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಪಾಲೂ, ಕೆಸರುನೀರನ್ನು ಕಟ್ಟಿ ನಿಲ್ಲಿಸಿದವನಿಗೆ ಕಾಲು ಪಣವೂ ದಂಡವೆಂದಿದೆ. ಕಸಕ್ಕಿಂತ ಕಟ್ಟಿದ ನೀರಿಗೆ ದಂಡವು ಇಮ್ಮಡಿ. ನಮಗೆ ಬಿದ್ದ ದಂಡವು ಇನ್ನೂ ಹೆಚ್ಚಿನದು. ಅದನ್ನು ತೆತ್ತವಳು ಮಾತ್ರ ನಮ್ಮ ಮನೆಯಾಕೆ.

ಈಗ ನಮ್ಮ ಮನೆಯಲ್ಲಿ ಕೆಲವು ನಿಯಮಗಳಾಗಿವೆ. ತಲೆಯನ್ನು ಸ್ನಾನಕ್ಕೆ ಮೊದಲೇ ಬಾಚಿ, ಉದುರಿದ ಕೂದಲನ್ನು ಕಸದ ಬುಟ್ಟಿಗೆ ಹಾಕುವುದು. ತೂಬಿನ ಮೇಲೆ ಸಣ್ಣ ಕಣ್ಣಿನ ಜಾಲರಿಯನ್ನು ಇರಿಸುವುದು. ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ಒಂದು ತಂಬಿಗೆ ನೀರು ಹೊಯ್ಯುವುದು. ಟ್ರ್ಯಾಪಿನ ನೀರು ಆರಿದರೆ ದುರ್ಗಂಧಕ್ಕೆ ದಾರಿಯಾಗುವುದು. ಆಸಿಡ್ಡಿನ ಸೀಸೆಯು ಮನೆಯನ್ನು ಬಿಟ್ಟಿತು. ಶನಿವಾರ ಸಂಜೆ ಜಾಲರಿಯನ್ನು ಎತ್ತಿ ತೊಳೆಯುವ ಸರದಿ ನಮ್ಮದು. ಮೊದಲ ವಾರ ಮನೆಯಾಕೆ ಬಾಗಿಲಲ್ಲಿ ನಿಂತು, “ಈ ಸಲ ಪುಡಿಗಿಡಿ ಏನೂ ಹಾಕಲಿಲ್ಲವಷ್ಟೆ?” ಎಂದು ಕೇಳಿದಳು. ಆ ಪ್ರಶ್ನೆ ಇಂದಿಗೂ ನಿಂತಿಲ್ಲ. ಕೇಳುವ ಹಕ್ಕು ಆಕೆಗೆ ಇದ್ದೇ ಇರುವುದು.