ಪಥ್ಯವನ್ನೂ ಬರೆದುಕೊಡಿ!

ಬೊಮ್ಮನಹಳ್ಳಿ, ರೂಪೇನ ಅಗ್ರಹಾರ, ಹೊಂಗಸಂದ್ರ, ಗಾರ್ವೇಭಾವಿಪಾಳ್ಯದ ಬಂಧುಗಳೇ,

ಮನಸ್ಸಿನ ಕಾಯಿಲೆಗೆ ಮಾತ್ರೆ ಬರೆಸಿಕೊಂಡು ಏಳುವಾಗ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: “ಪಥ್ಯ ಏನಾದ್ರೂ ಇದೆಯಾ ಸಾರ್?” ಹೊರಗೆ ಸಾಲು ಉದ್ದವಿರುತ್ತದೆ. “ಏನಿಲ್ಲಮ್ಮ, ಎಲ್ಲಾ ತಿನ್ನಬಹುದು” ಅನ್ನುತ್ತಾರೆ ಡಾಕ್ಟರು. ಉಳಿದದ್ದನ್ನು ಪಕ್ಕದ ಮನೆಯವರು ಹೇಳುತ್ತಾರೆ: ಮಾತ್ರೆ ಉಷ್ಣ, ಬದನೆಕಾಯಿ ಮುಟ್ಟಬೇಡಿ, ಎಳನೀರು ಕುಡಿಸಿ. ಹೀಗೆ ಬಿಡಬೇಕಿಲ್ಲದ ಬದನೆಕಾಯಿಯನ್ನು ಬಿಡುತ್ತೇವೆ. ಕಣ್ಣಿಡಬೇಕಾದ ಉಪ್ಪು, ಬೀಡಿ, ಕಾಫಿ, ಕ್ವಾರ್ಟರ್ ಬಾಟಲಿ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಲಿಥಿಯಂ ಮಾತ್ರೆಯನ್ನೇ ನೋಡಿ. ಬೈಪೋಲಾರ್ ಕಾಯಿಲೆಗೆ ಇಂದಿಗೂ ಇದು ನಂಬಿಕಸ್ತ ಔಷಧಿ. ಆದರೆ ಮೂತ್ರಪಿಂಡ ಲಿಥಿಯಂ ಅನ್ನು ಉಪ್ಪಿನ ಹಾಗೆಯೇ ನಡೆಸಿಕೊಳ್ಳುತ್ತದೆ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದರೆ ಉಪ್ಪನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಲಿಥಿಯಂ ಅನ್ನೂ. ರಕ್ತ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 0.6ರಿಂದ 1.0ರ ಒಳಗಿರಬೇಕಾದ ಮಟ್ಟ 1.5 ದಾಟಿತೆಂದರೆ ವಿಷವಾಗತೊಡಗುತ್ತದೆ. ಕೈ ಜೋರಾಗಿ ನಡುಗುತ್ತದೆ, ವಾಂತಿ ಭೇದಿಯಾಗುತ್ತದೆ, ಮಾತು ತೊದಲುತ್ತದೆ, ಕಾಲು ತೂರಾಡುತ್ತದೆ. ಬೀದಿಯವರು ಕುಡಿದಿದ್ದಾನೆ ಅಂದುಕೊಳ್ಳುತ್ತಾರೆ. ಹೋಗಬೇಕಾದದ್ದು ತಕ್ಷಣ ಆಸ್ಪತ್ರೆಗೆ.

ಹಿಂದೆ ಅಮೆರಿಕದಲ್ಲಿ ಉಪ್ಪು ಬಿಟ್ಟಿದ್ದ ಹೃದ್ರೋಗಿಗಳಿಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಮಾರುತ್ತಿದ್ದರು. ಕೆಲವರು ಸತ್ತ ಮೇಲೆ, 1949ರಲ್ಲಿ, ಅದನ್ನು ಅಂಗಡಿಗಳಿಂದ ತೆಗೆಸಿದರು. ಅಷ್ಟು ಹಳೆಯ ಪಾಠ ಇದು. ನಮ್ಮಲ್ಲಿ ಟಾಯ್ಲೆಟ್‌ಗೆ ಎದ್ದರೆ ಸೂಪರ್‌ವೈಸರ್ ಬೈಯುತ್ತಾನೆಂದು ನೀರೇ ಕುಡಿಯದೆ ಹೊಲಿಗೆ ಮಷಿನ್ ಮುಂದೆ ಕೂರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಇದನ್ನು ಯಾರು ಹೇಳಿದ್ದಾರೆ? ಏಕಾದಶಿಗೆ, ರಂಜಾನ್‌ಗೆ ನೀರೂ ಮುಟ್ಟದವರಿಗೆ? ಬಿಪಿಗೆಂದು ಒಮ್ಮೆಗೇ ಉಪ್ಪು ಬಿಟ್ಟವರಿಗೆ? ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಲಿಥಿಯಂ ಮಟ್ಟವನ್ನು ಏರಿಸುತ್ತವೆ.

ಇನ್ನು ಬೀಡಿ. ಅಯ್ಯಪ್ಪನ ಮಾಲೆ ಹಾಕಿದವರು 41 ದಿನ ಬೀಡಿ ಬಿಡುತ್ತಾರೆ, ಒಳ್ಳೆಯದೇ. ಆದರೆ ಕ್ಲೋಜಪಿನ್, ಓಲಾಂಜಪಿನ್ ಮಾತ್ರೆಗಳನ್ನು ಅರಗಿಸುವ ಲಿವರ್‌ನ ಕಿಣ್ವವನ್ನು ಬೀಡಿ ಹೊಗೆ ಚುರುಕಾಗಿಸಿರುತ್ತದೆ. ಹೊಗೆ ನಿಂತರೆ ಕೆಲವೇ ದಿನಗಳಲ್ಲಿ ಕಿಣ್ವದ ಚುರುಕು ಇಳಿದು, ಅದೇ ಡೋಸು ಮೈಗೆ ಹೆಚ್ಚಾಗುತ್ತದೆ. ಕ್ಲೋಜಪಿನ್ ಆದರೆ ಫಿಟ್ಸ್ ಬರುವ ಅಪಾಯವೂ ಇದೆ. ಮಾಲೆ ತೆಗೆದು ಮತ್ತೆ ಬೀಡಿ ಹಚ್ಚಿದಾಗ ಡೋಸು ಸಾಲದೆ ಕಾಯಿಲೆ ಮರುಕಳಿಸಬಹುದು. ಹಾಗೆಂದು ಬೀಡಿ ಸೇದುತ್ತಲೇ ಇರಿ ಎಂದಲ್ಲ. ಬಿಡುವ ಮುಂಚೆ ಡಾಕ್ಟರಿಗೆ ತಿಳಿಸಿ, ಡೋಸನ್ನು ಅವರು ಸರಿಮಾಡಲಿ.

ಕಾಫಿ ಬಿಡಿ ಎಂದು ಬೆಂಗಳೂರಿನವರಿಗೆ ಹೇಳುವ ಧೈರ್ಯ ನಮಗಿಲ್ಲ, ಅದರ ಅಗತ್ಯವೂ ಇಲ್ಲ. ಕಾಫಿ ಹೆಚ್ಚಾದರೆ ಕ್ಲೋಜಪಿನ್ ಏರುತ್ತದೆ, ಲಿಥಿಯಂ ಇಳಿಯುತ್ತದೆ. ಥಟ್ಟನೆ ನಿಲ್ಲಿಸಿದರೆ ಉಲ್ಟಾ. ದಿನಕ್ಕೆ ಎರಡು ಲೋಟ ಕುಡಿಯುವವರು ಎರಡೇ ಲೋಟ ಕುಡಿಯುತ್ತಿರಿ. ಲುರಾಸಿಡೋನ್ ಎಂಬ ಮಾತ್ರೆಯನ್ನು ಮಾತ್ರ ಎರಡು ಬಿಸ್ಕತ್ತಿನ ಮೇಲೆ ನುಂಗಬೇಡಿ; ಕನಿಷ್ಠ 350 ಕ್ಯಾಲೊರಿಯ ಊಟವಿಲ್ಲದಿದ್ದರೆ ಅದರ ಅರ್ಧದಷ್ಟೇ ಮೈಗೆ ಹತ್ತುವುದು.

ಕುಡಿತದ ಮಾತು. ನಿದ್ದೆಗೆ, ಗಾಬರಿಗೆ ಕೊಡುವ ಕ್ಲೋನಜೆಪಾಮ್, ಲೋರಜೆಪಾಮ್ ಮಾತ್ರೆಗಳ ಮೇಲೆ ಬ್ರಾಂದಿ ಬಿದ್ದರೆ ಉಸಿರಾಟವೇ ಕುಗ್ಗುತ್ತದೆ. ಇನ್ನೊಂದು ವಿಷಯ ಹೆಂಗಸರಿಗೆ, ಮನೆಯ ಹಿರಿಯರಿಗೆ: ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆಯನ್ನು ಗಂಡನಿಗೋ ಮಗನಿಗೋ ಗೊತ್ತಾಗದಂತೆ ಸಾರಿನಲ್ಲಿ ಕಲಸಬೇಡಿ. ನಿಮ್ಮ ಸಂಕಟ ನಮಗೆ ಗೊತ್ತು. ಆದರೆ ಗೊತ್ತಿಲ್ಲದೆ ಕುಡಿದವನಿಗೆ ಎದೆ ಬಡಿತ ಏರಿ, ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಗೊತ್ತಿದ್ದು ನುಂಗುವವರೂ ಅರಿಷ್ಟ, ಆಸವಗಳನ್ನು ಮುಟ್ಟಬಾರದು, ಅವುಗಳಲ್ಲೂ ಆಲ್ಕೋಹಾಲ್ ಇರುತ್ತದೆ.

ಇದನ್ನೆಲ್ಲ ಹೇಳಿದರೆ ರೋಗಿಗಳು ಹೆದರಿ ಮಾತ್ರೆಯನ್ನೇ ಬಿಡುತ್ತಾರೆ ಎಂದು ಕೆಲವು ವೈದ್ಯರು ವಾದಿಸುತ್ತಾರೆ. ನಾವು ಒಪ್ಪುವುದಿಲ್ಲ. ಕಾರಣ ಗೊತ್ತಿಲ್ಲದೆ ಕೈ ನಡುಗಿದಾಗಲೇ ಜನ ಮಾತ್ರೆ ಬಿಡುವುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ಮಾಹಿತಿಯನ್ನು ನಮಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವುದು ನಮ್ಮ ಹಕ್ಕು. ನಮ್ಮ ಬೇಡಿಕೆ ದೊಡ್ಡದೇನಲ್ಲ: ಮನೋವೈದ್ಯರ ಪ್ರತಿ ಚೀಟಿಯ ಜೊತೆ ಅರ್ಧ ಹಾಳೆ ಪಥ್ಯ, ಕನ್ನಡದಲ್ಲಿ, ಬೇಕಾದವರಿಗೆ ತಮಿಳು, ತೆಲುಗು, ಉರ್ದು, ಹಿಂದಿಯಲ್ಲೂ. ಮೆಡಿಕಲ್ ಶಾಪಿನವರೂ ಸ್ಟ್ರಿಪ್ ಕತ್ತರಿಸಿ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಲಿ.

ಈ ಕರಪತ್ರ ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಡೋಸು ಬದಲಿಸಬೇಡಿ. ಅನುಮಾನ ಬಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ಹಾಳೆಯ ಹಿಂಬದಿಯನ್ನು ಬೇಕೆಂದೇ ಖಾಲಿ ಬಿಟ್ಟಿದ್ದೇವೆ. ಮುಂದಿನ ಸಲ ಹೋದಾಗ ಅದನ್ನು ಡಾಕ್ಟರ ಮುಂದಿಟ್ಟು, ನಿಮ್ಮ ಮಾತ್ರೆಯ ಪಥ್ಯ ಬರೆಸಿಕೊಂಡೇ ಏಳಿ.